ಹದಿಮೂರನೆಯ ಹಾಳೆ

ಕಡಲಿಗೆ ಎರಡು ದಡ. ಆಚೆ ದಡದಲ್ಲೊಂದು ಊರು, ಈಚೆ ದಡದಲ್ಲೊಂದು ಊರು. ಎರಡಕ್ಕೂ ಹೆಸರಿದೆ. ಹೇಳಿದರೆ ನೀವು ನಕ್ಷೆ ಬಿಡಿಸಿಕೊಂಡು ಹುಡುಕುತ್ತ ಕೂರುತ್ತೀರಿ, ಕಥೆ ಅಲ್ಲೇ ಹಳ್ಳ ಹಿಡಿಯುತ್ತದೆ. ಆಚೆಯ ಊರು, ಈಚೆಯ ಊರು. ನಮಗೆ ಅಷ್ಟು ಸಾಕು.

ಆಚೆಯ ಊರಿನಲ್ಲಿ ಒಂದು ಶಾಲೆ. ಬರೆದ ಚಿತ್ರವನ್ನು ನಡೆಸುವುದು ಹೇಗೆ ಅಂತ ಕಲಿಸುವ ಶಾಲೆ. ಈಗಿನವರು ಅನಿಮೇಷನ್ ಅನ್ನುವುದು ಅದನ್ನೇ. ಒಂದು ಹೆಜ್ಜೆ ಎಡ, ಒಂದು ಹೆಜ್ಜೆ ಬಲ, ಇಷ್ಟಕ್ಕೆ ಹನ್ನೆರಡು ಹಾಳೆ. ಹಾಳೆಯ ಅಂಚಿಗೆ ಎರಡು ತೂತು, ಮೇಜಿನ ಮೇಲೆ ಎರಡು ಗೂಟ, ಗಾಜಿನ ಅಡಿಯಲ್ಲಿ ದೀಪ. ಹಾಳೆಯ ಮೇಲೆ ಹಾಳೆ ಇಟ್ಟು, ಕೆಳಗಿನದು ಮಸುಕಾಗಿ ಕಾಣುವಾಗ ಮೇಲಿನದನ್ನು ಕೂದಲೆಳೆಯಷ್ಟು ಬೇರೆ ಮಾಡಿ ಬರೆಯಬೇಕು. ಹನ್ನೆರಡೂ ಬರೆದು, ಚಕ್ರದ ಒಳಮೈಗೆ ಹಚ್ಚಿ, ಒಮ್ಮೆ ತಿರುಗಿಸಿದರೆ ಬರೆದ ಮನುಷ್ಯ ನಡೆಯುತ್ತಾನೆ. ಎಲ್ಲಿಗೂ ಹೋಗುವುದಿಲ್ಲ, ಪಾಪ. ಇದ್ದಲ್ಲೇ ನಡೆಯುತ್ತಾನೆ.

ಆ ಊರಿಗೆ ಒಂದೇ ಕಟ್ಟಳೆ. ಹೊರಗಿನವರು ಯಾರು ಬೇಕಾದರೂ ಬರಬಹುದು, ಎಷ್ಟು ವರ್ಷ ಬೇಕಾದರೂ ಇರಬಹುದು. ಹೊರಡುವಾಗ ಮಾತ್ರ ತಮ್ಮ ನಡಿಗೆಯನ್ನು ಅಲ್ಲೇ ಬಿಟ್ಟು ಹೋಗಬೇಕು. ಶಾಲೆಯ ಮಕ್ಕಳು ಹೊರಡುವವರನ್ನು ಅಂಗಳದಲ್ಲಿ ನಡೆಸಿ, ಸುತ್ತ ಕೂತು, ಹನ್ನೆರಡು ಹಾಳೆಯಲ್ಲಿ ಆ ನಡಿಗೆಯನ್ನು ಬರೆದುಕೊಳ್ಳುತ್ತಾರೆ. ಹಾಳೆಗಳು ಚಕ್ರಕ್ಕೆ ಹೋಗುತ್ತವೆ, ಚಕ್ರ ಉದ್ದನೆಯ ಹಜಾರಕ್ಕೆ ಹೋಗುತ್ತದೆ. ಹಜಾರದ ತುಂಬ ಸಾಲು ಚಕ್ರಗಳು, ಒಂದೊಂದರಲ್ಲೂ ಹೊರಟು ಹೋದ ಒಬ್ಬೊಬ್ಬರು. ಬೆಳಗಿನ ಗಂಟೆ ಹೊಡೆದಾಗ ಮಕ್ಕಳು ಒಳಗೆ ಬಂದು, ಯಾರ ನೆನಪಾಯಿತೋ ಅವರ ಚಕ್ರವನ್ನು ಒಮ್ಮೆ ತಳ್ಳುತ್ತಾರೆ. ಒಮ್ಮೆ ತಳ್ಳಿದರೆ ಅದು ಒಂದು ಹಗಲು, ಒಂದು ರಾತ್ರಿ ತಿರುಗುತ್ತದೆ. ಹೋದವರು ತಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆ, ಅಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಕಡಲಿನ ಈಚೆಗೆ ಆ ಮನುಷ್ಯರ ಕಾಲು ನಡೆಯುತ್ತಲೇ ಇರುತ್ತದೆ.

ಯಾರಿಗೂ ನೆನಪಾಗದವರ ಚಕ್ರ ನಿಲ್ಲುತ್ತದೆ. ಅವರ ಕಾಲೂ ನಿಲ್ಲುತ್ತದೆ. ನಡಿಗೆ ಅಲ್ಲೇ ಸಿಕ್ಕಿಕೊಂಡಿರುತ್ತದಲ್ಲ, ಆಮೇಲೆ ಅವರು ಹಸುಗೂಸಿನ ಹಾಗೆ ಮೊದಲಿಂದ ನಡೆಯಲು ಕಲಿಯಬೇಕು. ಅಳತೆಪಟ್ಟಿ ಹಿಡಿದು ಪಾಠ ಮಾಡುವ ಮೇಷ್ಟ್ರೊಬ್ಬ ಅಲ್ಲಿದ್ದ. ಅದೇ ಪಟ್ಟಿಯಲ್ಲಿ ಮಕ್ಕಳ ಬೆರಳ ಗಿಣ್ಣಿಗೂ ಹೊಡೆಯುತ್ತಿದ್ದ. ಅವನು ಊರಿಗೆ ಹೋಗಿ ತನ್ನ ಮನೆ ಹೊಸ್ತಿಲು ದಾಟಿದವನೇ ನಡುಮನೆಯಲ್ಲಿ ಧೊಪ್ಪನೆ ಕೂತುಬಿಟ್ಟ. ಅವನಿಗೆ ಆಗಬೇಕಾದ್ದೇ ಬಿಡಿ.

ಇದರಿಂದ ಬಿಡಿಸಿಕೊಳ್ಳಲು ಒಂದು ದಾರಿಯೂ ಇದೆ. ಊರಬಾಗಿಲು ಕಾಯುವ ಮುದುಕಿ ಹೊರಡುವವರ ಕೈಗೆ ಒಂದು ಬಿಳಿ ಹಾಳೆ ಕೊಡುತ್ತಾಳೆ. ಅದು ಹದಿಮೂರನೆಯದು. ಕೊಡುವಾಗ ಪ್ರತಿಯೊಬ್ಬರಿಗೂ ಅದೇ ಮಾತು ಹೇಳುತ್ತಾಳೆ.

"ನಿಮ್ಮ ಹೊಸ್ತಿಲು ದಾಟೋಕೆ ಮುಂಚೆ ಅಂಗಳದಲ್ಲಿ ನಿಂತ್ಕೊಳ್ಳಿ. ನಿಮ್ಮವರು ಯಾರಾದರೂ ನಿಮ್ಮನ್ನ ನೋಡ್ತಾ ನೋಡ್ತಾ, ನಿಂತಿರೋ ಹಾಗೇ ಇದರ ಮೇಲೆ ಬರೀಲಿ. ನೆನಪಿನಿಂದ ಬರೆದದ್ದು ಆಗೋಲ್ಲ. ದೋಣಿಗೆ ಹಾಕಿ ಕಳಿಸಿಬಿಡಿ. ಬಂದ ದಿನ ಹನ್ನೆರಡರ ಕೊನೇಲಿ ಇದನ್ನ ಹಚ್ಚಿ ಚಕ್ರ ತಿರುಗದ ಹಾಗೆ ಕಟ್ಟಿಬಿಡ್ತೀವಿ, ನಿಮ್ಮ ನಡಿಗೆ ನಿಮಗೆ ವಾಪಸ್ಸು. ತಿರುಗ್ತಾ ಇರೋ ಚಕ್ರಕ್ಕೆ ಮಾತ್ರ ಇದು ಹತ್ತೋದು, ನಿಂತುಹೋದದ್ದಕ್ಕೆ ಹತ್ತೋಲ್ಲ. ಮರೀಬೇಡಿ."

ಆ ಶಾಲೆಯಲ್ಲಿ ಆರು ವರ್ಷ ಪಾಠ ಮಾಡಿ ಹೊರಟ ಒಬ್ಬ ಟೀಚರಮ್ಮನ ಕಥೆ ಇದು. ಮುದುಕಿ ಕೊಟ್ಟ ಹಾಳೆಯನ್ನು ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು, ತಲೆಯಾಡಿಸಿದಳು, ಸುರುಳಿ ಸುತ್ತಿ ಟ್ರಂಕಿನ ತಳಕ್ಕೆ ತುರುಕಿದಳು. ಮೇಲೆ ಸೀರೆ ಇಟ್ಟಳು.

ಟೀಚರಮ್ಮ ಈಚೆಯ ಊರಿನವಳು. ಗಂಡ ತೀರಿಕೊಂಡಾಗ ಮಗಳಿಗೆ ಐದು ವರ್ಷ. ಹಪ್ಪಳ ಒತ್ತಿ ಮಾರುತ್ತಿದ್ದ ಅಕ್ಕನ ಮಡಿಲಿಗೆ ಮಗಳನ್ನು ಹಾಕಿ ಕಡಲು ದಾಟಿದ್ದಳು. ತಿರುಗಿ ಬಂದಾಗ ಮಗಳಿಗೆ ಹನ್ನೊಂದು. ಬಾಗಿಲಿಗೆ ಓಡಿ ಬಂದ ಹುಡುಗಿಯ ಕೈಯೆಲ್ಲ ಇದ್ದಿಲ ಮಸಿ. ಮನೆಯ ನೆಲದ ಮೇಲೆ, ಗೋಡೆಯ ಮೇಲೆ ಏನಾದರೂ ಬರೆಯುತ್ತಿರುವುದು ಅವಳ ಚಾಳಿ.

"ಅಲ್ಲೇ ನಿಲ್ಲೇ, ಒಳಗೆ ಬರಬೇಡ, ದೃಷ್ಟಿ ತೆಗೀಬೇಕು" ಅಂತ ಅಕ್ಕ ಕೆಂಪು ನೀರಿನ ತಟ್ಟೆ ಹಿಡಿದು ಬಂದಳು.

ಟೀಚರಮ್ಮ ನಿಂತಳು. ಅಕ್ಕ ತಟ್ಟೆಯನ್ನು ಮೂರು ಸುತ್ತು ಸುತ್ತಿದಳು. ಮಗಳು ಹೊಸ್ತಿಲಿನ ಒಳಗಿನಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೈಯಲ್ಲಿ ಇದ್ದಿಲು, ಎದುರಿಗೆ ನಿಂತ ಅಮ್ಮ. ಟ್ರಂಕು ಕಾಲ ಬುಡದಲ್ಲೇ ಇತ್ತು. ಬಗ್ಗಿ ತೆಗೆಯಬೇಕಿತ್ತು, ಅಷ್ಟೇ. ಅವಳು ಬಗ್ಗಲಿಲ್ಲ. ಕೆಂಪು ನೀರು ಬೀದಿಗೆ ಚೆಲ್ಲಿತು, ಅವಳು ಬಲಗಾಲಿಟ್ಟು ಒಳಗೆ ಬಂದಳು.

ಬಂದವಳು ನಡುಮನೆ ದಾಟಿದಳು. ಅಡುಗೆಮನೆ ದಾಟಿದಳು. ಹಿತ್ತಲಿಗೆ ಹೋಗಿ, ತೆಂಗಿನ ಮರ ಸುತ್ತಿ, ಮತ್ತೆ ಅಡುಗೆಮನೆ, ಮತ್ತೆ ನಡುಮನೆ. ಅಕ್ಕ ಲೋಟದಲ್ಲಿ ನೀರು ಹಿಡಿದು ಹಿಂದೆ ಹಿಂದೆಯೇ ಸುತ್ತಿದಳು. ಮೂರನೆಯ ಸುತ್ತಿಗೆ ಸಾಕಾಯಿತು.

"ಏನೇ ಇದು, ಕಾಲಿಗೆ ಚಕ್ರ ಕಟ್ಟಿಕೊಂಡು ಬಂದಿದೀಯಾ? ಕೂತ್ಕೋಬಾರದಾ?"

"ಆ ಊರಿನ ಕಟ್ಟಳೆ ಅಕ್ಕ. ಹೋಗೋರಿಗೆಲ್ಲ ಹೀಗೇ" ಅಂದಳು ಟೀಚರಮ್ಮ. ಚಕ್ರದ ವಿಷಯ ಹೇಳಿದಳು, ಹಜಾರದ ವಿಷಯ ಹೇಳಿದಳು. ಹಾಳೆಯ ವಿಷಯ ಹೇಳಲಿಲ್ಲ.

ಹೀಗೆ ಶುರುವಾಯಿತು. ಬೆಳಗಾದರೆ ನಡೆದಳು, ಬೈಗಾದರೆ ನಡೆದಳು. ತಟ್ಟೆಯನ್ನು ಅಂಗೈಯಲ್ಲಿ ಹಿಡಿದು ನಡೆಯುತ್ತ ಉಂಡಳು. ಮಳೆ ಬಂದರೆ ನಡುಮನೆಯಲ್ಲಿ ಇದ್ದಲ್ಲೇ ನಡೆದಳು. ಮಲಗಿದರೂ ಕಂಬಳಿಯ ಅಡಿಯಲ್ಲಿ ಎಡಗಾಲು, ಬಲಗಾಲು. ಒಣಗಲು ಹರಡಿದ ಹಪ್ಪಳದ ಮೇಲೆ ಎರಡು ಸಲ ನಡೆದುಬಿಟ್ಟಳು. ಆವತ್ತು ಅಕ್ಕನ ಬಾಯಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಅವಳ ನಡಿಗೆಯಲ್ಲಿ ಒಂದು ವಿಚಿತ್ರವಿತ್ತು. ಎಡ, ಬಲ, ಆಮೇಲೆ ಎಡ ಹಿಮ್ಮಡಿ ನೆಲಕ್ಕೆ ತಾಕಿದಾಗ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಗಕ್ಕನೆ ತಡೆದಂತಾಗುತ್ತಿತ್ತು. ಮತ್ತೆ ಎಡ, ಬಲ, ಮತ್ತೆ ಗಕ್ಕ. ಕೀಲು ಹಿಡಿದಿದೆ ಅಂತ ಅಕ್ಕ ಹರಳೆಣ್ಣೆ ಕಾಯಿಸಿ ತಂದಳು. ಟೀಚರಮ್ಮ ನಕ್ಕಳು. ನಡೆಯುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕೀಲಲ್ಲಕ್ಕ. ಇದು ನಮ್ಮ ಎಡಗೈಯವಳ ಕೆಲಸ!"

ಎಡಗೈಯವಳು ಅಂದರೆ ಅವಳ ತರಗತಿಯಲ್ಲಿ ಎಡಗೈಯಲ್ಲಿ ಬರೆಯುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಹನ್ನೆರಡು ಹಾಳೆ ಮುಗಿದ ಮೇಲೆ ಚಕ್ರ ತಾನಾಗಿ ಮೊದಲ ಹಾಳೆಗೆ ಬರುತ್ತದೆ. ಅದನ್ನು ನಂಬದವರು ಏನು ಮಾಡುತ್ತಾರೆಂದರೆ, ಹನ್ನೆರಡನೆಯ ಹಾಳೆಯಲ್ಲೂ ಮೊದಲನೆಯ ಚಿತ್ರವನ್ನೇ ಬರೆದುಬಿಡುತ್ತಾರೆ. ನಡಿಗೆ ಕೂಡಿಕೊಳ್ಳಲಿ ಅಂತ. ಆಗ ಒಂದೇ ಚಿತ್ರ ಎರಡು ಸಲ ಬಂದು, ನಡೆಯುವವನು ಅಲ್ಲಿ ಮುಗ್ಗರಿಸಿದ ಹಾಗೆ ತಡೆಯುತ್ತಾನೆ. ಬರೆದು ನಡೆಸುವ ಕಸುಬಿನವರು ಮಾತ್ರ ಮಾಡುವ ತಪ್ಪು ಇದು. ಎಡಗೈಯವಳು ಆರು ವರ್ಷವೂ ಅದನ್ನೇ ಮಾಡಿದಳು. "ಮೊದಲನೇ ಹಾಳೇನ ನಂಬು ಮಗು, ಅದು ತಾನಾಗೇ ಬರತ್ತೆ" ಅಂತ ಟೀಚರಮ್ಮ ಸಾವಿರ ಸಲ ಹೇಳಿದ್ದಳು. ಹೇಳಿದ್ದೇ ಬಂತು.

"ನನ್ನ ನಡಿಗೇಲೂ ಅದೇ ತಪ್ಪು ಮಾಡಿಟ್ಟಿದ್ದಾಳೆ ನೋಡು, ಪೆದ್ದಿ" ಅಂದಳು. ಅನ್ನುವಾಗ ಕಣ್ಣಲ್ಲಿ ನೀರು.

ಆವತ್ತಿನಿಂದ ಅವಳಿಗೆ ಮಾತು ಹತ್ತಿಕೊಂಡಿತು. ನಡೆಯುತ್ತ ಹೇಳುವಳು, ಹೇಳುತ್ತ ನಡೆಯುವಳು. ಅಲ್ಲಿ ಪ್ರತಿ ಮೇಜಿಗೂ ಒಂದು ಕನ್ನಡಿ. ಅಳುವ ಮುಖ ಬರೆಯಬೇಕಾದರೆ ಮಕ್ಕಳು ಕನ್ನಡಿ ನೋಡಿಕೊಂಡು ಅಳುವರು, ಒಬ್ಬರ ಅಳು ನೋಡಿ ಇನ್ನೊಬ್ಬರು ನಕ್ಕು ಪಾಠವೆಲ್ಲ ಕೆಡುವುದು. ಅಲ್ಲಿ ಮೊದಲ ವರ್ಷ ಅವಳಿಗೆ ಅವರ ಭಾಷೆ ಬಾರದು, ‘ಭಾರ ಎಲ್ಲಿದೆ?’ ಎನ್ನುವ ಒಂದೇ ಮಾತು ಕಲಿತಿದ್ದಳು. ಪ್ರತಿ ಚಿತ್ರದ ಮೇಲೂ ಬೆರಳಿಟ್ಟು ಅದೇ ಕೇಳುವಳು, ಮಕ್ಕಳು ಎದ್ದು ನಿಂತು, ಒಂದು ಕಾಲು ಎತ್ತಿ, ಭಾರ ಹುಡುಕುವರು. ಅಲ್ಲಿ ಪೆನ್ಸಿಲ್ ಹೆರೆದ ಸಿಪ್ಪೆಯ ವಾಸನೆ ಸೀರೆಗೆ ಹತ್ತಿದ್ದು ಒಗೆದರೂ ಹೋಗದು. ಅಲ್ಲಿ ರಜೆಯ ದಿನ ಮಕ್ಕಳೆಲ್ಲ ಅವಳ ಕೋಣೆಗೆ ನುಗ್ಗಿ ಉಪ್ಪಿಟ್ಟಿಗೆ ಕಾಯುವರು. ಕರಿಬೇವು ಎತ್ತಿಡಬೇಕೆಂದು ಗೊತ್ತಿಲ್ಲದೆ ಅದನ್ನೂ ಜಗಿದು ನುಂಗುವರು. ಅಲ್ಲಿ ಹಾಗೆ, ಅಲ್ಲಿ ಹೀಗೆ.

"ನಿನ್ನ ಅಲ್ಲಿಗಿಷ್ಟು ಬೆಂಕಿ ಹಾಕ. ಇಲ್ಲಿ ಅಂತ ಒಂದು ಮಾತು ಆಡೇ ಒಂದು ದಿನ" ಅಂದಳು ಅಕ್ಕ.

ಟೀಚರಮ್ಮನಿಗೆ ಕೇಳಿಸುತ್ತಿರಲಿಲ್ಲ. ಬೆಳಗ್ಗೆ ಕಣ್ಣು ಬಿಡುವಾಗ ಅವಳ ಎದೆ ಡವಗುಟ್ಟುತ್ತಿತ್ತು. ಇವತ್ತು ತಳ್ಳಿದ್ದಾರೋ ಇಲ್ಲವೋ? ಕಾಲು ಎಳೆದುಕೊಂಡಿತೋ, ಅಬ್ಬ, ತಳ್ಳಿದ್ದಾರೆ! ಇನ್ನೂ ನೆನಪಿದೆ. ಸಂಜೆಯಾಗುವ ಹೊತ್ತಿಗೆ ಮತ್ತೆ ಅದೇ ಕಳವಳ. ನಾಳೆ? ನಾಳೆ ಯಾರಿಗೂ ಜ್ಞಾಪಕ ಬರದಿದ್ದರೆ? ಆ ಕಳವಳಕ್ಕೂ ನಡೆಯುವಳು. ಯಾವುದು ಚಕ್ರದ ನಡಿಗೆ, ಯಾವುದು ಕಳವಳದ ನಡಿಗೆ ಅಂತ ಅವಳಿಗೇ ತಿಳಿಯದಾಯಿತು.

ಮಗಳು ಮೊದಮೊದಲು ಅಮ್ಮನ ಪಕ್ಕ ಚಾಪೆ ಹಾಸಿಕೊಂಡಳು. ಆರು ವರ್ಷದ ಆಸೆ ಅದು. ಕಾಲು ಒದೆಯಿತು. ಇನ್ನೊಂದು ಮಗ್ಗುಲಿಗೆ ಹೋದಳು, ಅಲ್ಲೂ ಒದೆಯಿತು. ಹತ್ತು ದಿನ ಒದೆಸಿಕೊಂಡು, ಹನ್ನೊಂದನೆಯ ದಿನ ಚಾಪೆ ಸುತ್ತಿಕೊಂಡು ಅಡುಗೆಮನೆಗೆ ಹೋದಳು. ಜಡೆ ಹಾಕಿಸಿಕೊಳ್ಳಲು ಅಮ್ಮನ ಮುಂದೆ ಕೂರಲಾಗದು. ಬಾಚಣಿಗೆ ಹಿಡಿದು ಅಮ್ಮನ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುವುದು ಹೇಗೆ? ದೊಡ್ಡಮ್ಮನ ಕೈಯಲ್ಲೇ ಹಾಕಿಸಿಕೊಂಡಳು. ಹುಡುಗಿ ಜೋರು ಮಾಡುವವಳಲ್ಲ, ಅಳುವವಳೂ ಅಲ್ಲ. ನೋಡುವವಳು. ಅಮ್ಮ ಹೋಗುವುದನ್ನು ನೋಡುವಳು, ಬರುವುದನ್ನು ನೋಡುವಳು.

ಮಳೆಗಾಲ ಹತ್ತಿರ ಬಂದಾಗ ಅಕ್ಕ ಟ್ರಂಕುಗಳನ್ನು ಬಿಸಿಲಿಗೆ ಹಾಕಲು ಹೇಳಿದಳು. ಮಗಳು ಅಮ್ಮನ ಟ್ರಂಕು ಬಿಚ್ಚಿದಳು. ಸೀರೆಗಳ ಅಡಿಯಲ್ಲಿ ಸುರುಳಿ. ಬಿಡಿಸಿದರೆ ಬಿಳಿ ಹಾಳೆ, ಅಂಚಿಗೆ ಎರಡು ತೂತು. ಹಿಂಬದಿಯಲ್ಲಿ ಮುದುಕಿಯ ಮಾತೆಲ್ಲ ಎರಡು ಭಾಷೆಯಲ್ಲೂ ಬರೆದಿತ್ತು. ಹುಡುಗಿ ಓದಿದಳು. ಮತ್ತೊಮ್ಮೆ ಓದಿದಳು. ಹಾಳೆ ಹಿಡಿದು ಹಿತ್ತಲಿಗೆ ಹೋಗಿ, ತೆಂಗಿನ ಮರ ಸುತ್ತುತ್ತಿದ್ದ ಅಮ್ಮನ ದಾರಿಗೆ ಅಡ್ಡ ನಿಂತಳು. ಅಮ್ಮ ಅವಳನ್ನು ಬಳಸಿ ಹೋದಳು, ನಿಲ್ಲಲು ಆಗಬೇಕಲ್ಲ. ಹಾಗಾಗಿ ಆ ಮಾತೆಲ್ಲ ಮರದ ಸುತ್ತ ನಡೆಯುತ್ತಲೇ ಆಯಿತು.

"ಇದು ನಿನ್ನ ಹತ್ರ ಮೊದಲಿಂದ್ಲೂ ಇತ್ತಾ ಅಮ್ಮ?"

"ಇತ್ತು."

"ಆವತ್ತು ದೊಡ್ಡಮ್ಮ ದೃಷ್ಟಿ ತೆಗೀವಾಗ ನೀನು ನಿಂತಿದ್ದೆ. ನನ್ನ ಕೈಲಿ ಇದ್ದಿಲಿತ್ತು."

"ಹೂಂ."

"ಕೊಟ್ಟಿದ್ರೆ ಬರೀತಿದ್ದೆ."

"ಗೊತ್ತು ಕಣೇ. ಕೊಡೋಕೆ ಮನಸ್ಸು ಬರಲಿಲ್ಲ." ಸುಳ್ಳು ಹೇಳಲು ಬಾಯಿ ಬರಲಿಲ್ಲ ಅವಳಿಗೆ. "ಕಾಲು ನಡೀತಾ ಇದ್ರೆ ಅಲ್ಲಿ ಯಾರೋ ನನ್ನನ್ನ ನೆನೆಸ್ಕೊಂಡ್ರು ಅಂತ ಗೊತ್ತಾಗತ್ತೆ. ದಿನಾ ಗೊತ್ತಾಗತ್ತೆ. ಅದನ್ನ ನನ್ನ ಕೈಯಾರೆ ಹೇಗೆ ಕಟ್ಟಿಸಲಿ ಹೇಳು?"

ಹುಡುಗಿ ಒಂದು ಸುತ್ತು ಜೊತೆಗೆ ನಡೆದಳು. ಆಮೇಲೆ ಕೇಳಿದಳು.

"ನಾನೂ ದಿನಾ ನೆನೆಸ್ಕೋತಿದ್ದೆ. ಆರು ವರ್ಷ. ಅಲ್ಲಿ ನಿನ್ನ ಕಾಲು ಯಾವತ್ತಾದ್ರೂ ಅಲ್ಲಾಡ್ತಾ ಅಮ್ಮ?"

ಟೀಚರಮ್ಮನಿಗೆ ಕೂತು ಮಗಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕಾಲು ಕೂರಗೊಡಲಿಲ್ಲ. ಎಡ, ಬಲ, ಗಕ್ಕ. ಎಡ, ಬಲ, ಗಕ್ಕ. ಮೊದಲ ಸಲ ಆ ಕಾಲುಗಳ ಮೇಲೆ ಅವಳಿಗೆ ಸಿಟ್ಟು ಬಂತು.

"ಬರೀ" ಅಂದಳು. "ಬರೆದುಬಿಡು, ಕಳಿಸೋಣ. ಆದರೆ ಹೇಗೆ ಬರೀತೀಯ, ನಿಂತಿದ್ದನ್ನ ನೋಡ್ತಾ ಬರೀಬೇಕಂತೆ. ನಾನಿನ್ನೆಲ್ಲಿ ನಿಲ್ತೀನಿ?"

"ನಿಲ್ತೀಯ" ಅಂದಳು ಮಗಳು. "ಎರಡು ಹೆಜ್ಜೆಗೊಂದು ಸಲ ನಿಲ್ತೀಯ. ರೆಪ್ಪೆ ಬಡಿಯೋಷ್ಟು."

ಅಷ್ಟು ದಿನ ನೋಡಿ ನೋಡಿ ಅವಳು ಕಂಡುಕೊಂಡದ್ದು ಅದು. ಎಡಗೈಯವಳ ತಪ್ಪಿನಲ್ಲಿ ಒಂದು ಸಂದು ಇತ್ತು, ಅದರಲ್ಲಿ ಅಮ್ಮ ನಿಂತಿದ್ದಳು.

ಮಾರನೆಯ ಬೆಳಗಿನಿಂದ ಹುಡುಗಿ ರೊಟ್ಟಿಯ ಹಲಗೆಗೆ ಹಾಳೆ ಕಟ್ಟಿಕೊಂಡು, ಇದ್ದಿಲನ್ನು ಚೂಪು ಮಾಡಿಕೊಂಡು ಅಮ್ಮನ ಪಕ್ಕದಲ್ಲಿ ನಡೆದಳು. ಎಡ, ಬಲ, ಗಕ್ಕ. ಆ ಗಕ್ಕಿನಲ್ಲಿ ಒಂದು ಗೆರೆ. ಎಡ, ಬಲ, ಗಕ್ಕ, ಇನ್ನೊಂದು ಗೆರೆ. ಒಂದು ವಾರಕ್ಕೆ ಎಡಗಿವಿ ಬಂತು. ಇನ್ನೊಂದು ವಾರಕ್ಕೆ ಓಲೆ ಬಂತು. ಒಂದು ಸಂದಿನಲ್ಲಿ ಹುಬ್ಬಿನ ಮೊದಲು, ಇನ್ನೊಂದರಲ್ಲಿ ಹುಬ್ಬಿನ ಕೊನೆ. ಅಂದಾಜಿನ ಮೇಲೆ ಒಂದೂ ಎಳೆಯಲಿಲ್ಲ. ಅಮ್ಮ ಹಿತ್ತಲಿಗೆ ಹೋದರೆ ಹಿತ್ತಲಿಗೆ, ಸಂತೆಬೀದಿಗೆ ಹೋದರೆ ಸಂತೆಬೀದಿಗೆ. ಊರಿನವರು ಬಾಗಿಲಿಗೆ ಬಂದು ನೋಡಿದರು. ಮುಂದೆ ತಡೆಯುತ್ತ ನಡೆಯುವ ತಾಯಿ, ಪಕ್ಕದಲ್ಲಿ ಹಲಗೆ ಹಿಡಿದ ಮಗಳು.

"ಇವರಿಬ್ಬರ ಪಾಡೂ ಒಂದೇ ಆಯ್ತು" ಅಂದಳು ಅಕ್ಕ. ಆದರೂ ಇದ್ದಿಲು ಮುಗಿದಾಗೆಲ್ಲ ಒಲೆಯಿಂದ ಒಳ್ಳೆಯದನ್ನೇ ಆರಿಸಿ ಕೊಟ್ಟಳು.

ಟೀಚರಮ್ಮನಿಗೆ ಆ ದಿನಗಳಲ್ಲಿ ವಿಚಿತ್ರವಾದ ಇಬ್ಬಂದಿ. ಮಗಳು ಪಕ್ಕದಲ್ಲಿ ನಡೆಯುತ್ತಾಳೆ ಎನ್ನುವುದೊಂದು ಸುಖ. ‘ಭಾರ ಎಲ್ಲಿದೆ ನೋಡಿಕೋ’ ಅಂತ ಅವಳು ಅನ್ನುವಳು, ಹುಡುಗಿ ತನ್ನ ಒಂದು ಕಾಲೆತ್ತಿ ಭಾರ ಹುಡುಕುವಳು, ಇಬ್ಬರೂ ನಗುವರು. ಆದರೆ ಗೆರೆ ಹೆಚ್ಚಿದಷ್ಟೂ ಎದೆಯೊಳಗೆ ಸಂಕಟ. ಮುಗಿದರೆ ಕಳಿಸಬೇಕಲ್ಲ? ನಡೆಯುವ ದಾರಿಯನ್ನು ಬೇಕೆಂದೇ ಅಂಕುಡೊಂಕು ಮಾಡುವಳು, ಗೆರೆ ತಪ್ಪಲಿ ಅಂತ. ಮರುಕ್ಷಣ ನಾಚಿಕೆಯಾಗಿ ನೆಟ್ಟಗೆ ನಡೆಯುವಳು. ಮಗಳಿಗೆ ಎರಡೂ ತಿಳಿಯುತ್ತಿತ್ತು.

ಐದು ತಿಂಗಳಿಗೆ ಚಿತ್ರ ಮುಗಿಯಿತು. ಅಕ್ಕ ಹಪ್ಪಳದ ಕೈ ಒರೆಸಿಕೊಂಡು ಬಂದು ನೋಡಿದಳು. ಹಾಳೆಯಲ್ಲಿ ತಂಗಿ ನಿಂತಿದ್ದಳು. ಎಡ ಹಿಮ್ಮಡಿ ಮುಂದೆ ಊರಿದೆ, ಬಲಗಾಲಿನ ಬೆರಳು ಹಿಂದೆ ನೆಲಕ್ಕೆ ತಾಗಿದೆ, ಮುಖ ಒಂದಿಷ್ಟು ಪಕ್ಕಕ್ಕೆ.

"ಚೆನ್ನಾಗಿದೆ ಕಣೇ. ಆದರೆ ಇವಳು ಮನೆಗೆ ಬರ್ತಿದಾಳೋ, ಮನೆ ಬಿಟ್ಟು ಹೋಗ್ತಿದಾಳೋ?"

"ಅದು ನಂಗೂ ಗೊತ್ತಾಗಲಿಲ್ಲ ದೊಡ್ಡಮ್ಮ. ಕಂಡಿದ್ದು ಅಷ್ಟೇ" ಅಂದಳು ಹುಡುಗಿ.

ದೋಣಿ ತಿಂಗಳಿಗೆ ಎರಡು ಸಲ. ಮೊದಲ ದೋಣಿಯ ದಿನ ಟೀಚರಮ್ಮ ಇವತ್ತು ಗಾಳಿ ಜೋರಾಗಿದೆ, ಹಾಳೆ ನೆನೆದೀತು ಅಂದಳು. ಎರಡನೆಯ ದೋಣಿಗೆ ಅಲ್ಲಿ ಈಗ ಪರೀಕ್ಷೆಯ ಕಾಲ, ಮಕ್ಕಳ ಮನಸ್ಸು ಕೆಡುತ್ತದೆ ಅಂದಳು. ಮೂರನೆಯದಕ್ಕೆ ಬೆಳಗ್ಗೆಯೇ ಎದ್ದು ಊರಾಚೆ ನಡೆದುಬಿಟ್ಟಳು. ಹಿಂತಿರುಗಿ ಬಂದಾಗ ಚಿತ್ರ ನಡುಮನೆಯ ಕಿಟಕಿಯಲ್ಲಿ ಮಡಚಿಟ್ಟಿತ್ತು. ಮಗಳು ದೊಡ್ಡಮ್ಮನ ಜೊತೆ ಕೂತು ಹಪ್ಪಳ ಒತ್ತುತ್ತಿದ್ದಳು. ಅಮ್ಮ ಎದುರಿಗೆ ಹೋದಳು, ಬಂದಳು. ಹುಡುಗಿ ತಲೆಯೆತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. ಹುಟ್ಟಿದಾಗಿನಿಂದ ನೋಡುವುದೇ ಕೆಲಸವಾಗಿದ್ದ ಹುಡುಗಿ ನೋಡುವುದನ್ನು ಬಿಟ್ಟುಬಿಟ್ಟಿದ್ದಳು.

ಟೀಚರಮ್ಮ ಆ ಹದಿನೈದು ದಿನ ನಡೆದದ್ದು ಹಿಂದೆಂದೂ ನಡೆಯದಷ್ಟು. ಪಕ್ಕದಲ್ಲಿ ಯಾರೂ ಇಲ್ಲ. ಹಲಗೆಯ ಸದ್ದಿಲ್ಲ, ಇದ್ದಿಲಿನ ಸದ್ದಿಲ್ಲ. ಕಡಲಾಚೆ ಯಾರು ಎಷ್ಟು ತಳ್ಳಿದರೇನು, ಹಿತ್ತಲಿನಲ್ಲಿ ಒಬ್ಬಳೇ. ನಾಲ್ಕನೆಯ ದೋಣಿಯ ಬೆಳಗ್ಗೆ ಕಿಟಕಿಯಿಂದ ಹಾಳೆ ತೆಗೆದುಕೊಂಡು ಮಗಳ ಮುಂದೆ ಇದ್ದಲ್ಲೇ ನಡೆಯುತ್ತ ಹೇಳಿದಳು.

"ಏಳೇ, ಬಾ. ನೀನೂ ಬಂದ್ರೆ ಕೊಡ್ತೀನಿ. ಒಬ್ಬಳೇ ಹೋದ್ರೆ ಮತ್ತೆ ಮನಸ್ಸು ಬದಲಾಯಿಸ್ತೀನಿ, ನನ್ನನ್ನ ನಂಬಬೇಡ."

ಹುಡುಗಿ ಕೈ ಒರೆಸಿಕೊಂಡು ಎದ್ದಳು.

ಬಂದರಿಗೆ ಅರ್ಧ ಹರದಾರಿ. ಎಡ, ಬಲ, ಗಕ್ಕ. ದಾರಿಯುದ್ದಕ್ಕೂ ಟೀಚರಮ್ಮ ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡಳು. ಕನ್ನಡಿಗಳೇ ಬರ್ತೀನಿ, ದೀಪದ ಮೇಜುಗಳೇ ಬರ್ತೀನಿ, ಕರಿಬೇವು ನುಂಗೋ ಮಕ್ಕಳೇ ಬರ್ತೀನಿ, ನಾನೇ ಕಟ್ಟಿಸ್ತಿದೀನಿ, ತಪ್ಪು ತಿಳ್ಕೋಬೇಡಿ. ಅಳು ಬಂತು, ಅತ್ತಳು. ಆದರೂ ಹಾಳೆಯನ್ನು ಬಿಗಿಯಾಗಿ ಹಿಡಿದಿದ್ದಳು, ಈ ಸಲ ಕೊಡುವುದು ಖಂಡಿತ ಅಂತ ಅವಳಿಗೆ ಗೊತ್ತಿತ್ತು.

ದೋಣಿಯವನು ಹಗ್ಗ ಬಿಚ್ಚುತ್ತಿದ್ದ. "ಬೇಗ ಕೊಡಿ ತಾಯಿ, ನೀರಿಳಿಯೋದ್ರೊಳಗೆ ಹೊರಡಬೇಕು."

ಅವಳು ಕಟ್ಟೆಯ ಅಂಚಿಗೆ ಬಂದಳು. ಎಡ, ಬಲ, ಗಕ್ಕ. ಇನ್ನು ಎರಡು ಹೆಜ್ಜೆ. ಕೈ ಚಾಚಿದಳು.

ಕಾಲು ಏಳಲಿಲ್ಲ.

ಸಂದು ಇದು, ಈಗ ದಾಟುತ್ತದೆ ಅಂದುಕೊಂಡಳು. ಒಂದು ರೆಪ್ಪೆಯ ಹೊತ್ತು ಹೋಯಿತು. ಹತ್ತು ರೆಪ್ಪೆಯ ಹೊತ್ತು ಹೋಯಿತು. ಎಡ ಹಿಮ್ಮಡಿ ಮುಂದೆ, ಬಲ ಬೆರಳು ಹಿಂದೆ, ಕೈ ಗಾಳಿಯಲ್ಲಿ. ಅಲೆ ಬಂದು ಕಟ್ಟೆಗೆ ಬಡಿದು ಹೋಯಿತು, ಇನ್ನೊಂದು ಬಂತು.

"ಕೊಡ್ತೀರೋ ಇಲ್ವೋ?" ಅಂದ ದೋಣಿಯವನು. ಅವಳ ಮುಖ ನೋಡಿ ಏನೂ ತಿಳಿಯದೆ, ಕೋಲು ಊರಿ ದೋಣಿಯನ್ನು ನೂಕಿಕೊಂಡು ಹೊರಟೇ ಹೋದ.

"ಅಮ್ಮ" ಅಂದಳು ಮಗಳು. ಅವಳ ದನಿಯಲ್ಲಿ ಹಿಗ್ಗು ತಡೆಯಲಾರದೆ ಉಕ್ಕುತ್ತಿತ್ತು. "ಅಮ್ಮ, ನೀನು ನಿಂತಿದೀಯ!"

ಆಮೇಲೆ ಅವಳು ಅಮ್ಮನ ಮುಖ ನೋಡಿದಳು.

"ತಳ್ಳಲಿಲ್ಲ ಕಣೇ ಇವತ್ತು" ಅಂದಳು ಟೀಚರಮ್ಮ. "ಯಾರಿಗೂ ನೆನಪಾಗಲಿಲ್ಲ. ಎಡಗೈಯವಳಿಗೂ ಆಗಲಿಲ್ಲ. ನಾನಾಗಿ ಕಳಿಸಬೇಕು ಅಂತ ಬಂದೆ, ಅವರಾಗೇ ಬಿಟ್ಟುಬಿಟ್ರು. ಇನ್ನೂ ಒಂದು ದಿನ ತಳ್ಳಬಾರದಿತ್ತಾ? ಒಂದೇ ಒಂದು ದಿನ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು, ಕಟ್ಟೆಯ ಮೇಲೆ ಮೀನಿನವರೆಲ್ಲ ತಿರುಗಿ ನೋಡುವ ಹಾಗೆ. ಹಾಳ್ಮಕ್ಕಳಾ ಅಂತ ಬೈದಳು. ಬೈದು, ಅಯ್ಯೋ ಚೆನ್ನಾಗಿರಲಿ ಅಂದಳು. ಮಗಳಿಗೆ ಹೇಳಬಹುದಾದ ಮಾತು ಎಷ್ಟೋ ಇತ್ತು. ಒಳ್ಳೆಯದೇ ಆಯಿತಲ್ಲ ಅನ್ನಬಹುದಿತ್ತು. ನನಗೂ ಹೀಗೇ ಆಗಿತ್ತು ಅನ್ನಬಹುದಿತ್ತು. ಹುಡುಗಿ ಅಮ್ಮನ ಕೈಯಿಂದ ಹಾಳೆ ಬಿಡಿಸಿಕೊಂಡು, ಸುತ್ತಿ, ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಳು ಇಳಿಯುವವರೆಗೂ ಪಕ್ಕದಲ್ಲಿ ನಿಂತಿದ್ದಳು.

"ಮನೆಗೆ ಹೋಗೋಣ ಬಾ ಅಮ್ಮ."

"ಹೇಗೆ ಬರಲಿ? ನನ್ನ ನಡಿಗೆ ಅಲ್ಲೇ ಉಳೀತು. ಕಾಲು ಎತ್ತೋದು ಹೇಗೆ ಅಂತಾನೇ ತಿಳೀತಿಲ್ಲ."

"ನಂಗೆ ಗೊತ್ತು" ಅಂದಳು ಮಗಳು.

ಐದು ತಿಂಗಳು ಪಕ್ಕದಲ್ಲಿ ನಡೆದವಳು ಅವಳು. ನಿಂತದ್ದನ್ನು ಹಿಡಿಯಲು ಹೊರಟವಳಿಗೆ ನಡೆದದ್ದೆಲ್ಲ ಬಾಯಿಪಾಠವಾಗಿತ್ತು. ಹುಡುಗಿ ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಲಗಾಲಿನ ಹಿಂದಕ್ಕೆ ಕೈ ಹಾಕಿದಳು.

"ಮೊದಲು ಎಡಗಾಲ ಮೇಲೆ ಭಾರ ಬಿಡು. ಪೂರ್ತಿ ಬಿಡು, ಬೀಳೋಲ್ಲ ನೀನು, ನಾನಿದೀನಿ. ಹಾಂ. ಈಗ ಮಂಡಿ ಒಂಚೂರು ಬಗ್ಗಲಿ. ಈಗ ಹಿಂದಿನ ಹೆಬ್ಬೆರಳು ನೆಲ ಬಿಡ್ತದೆ, ತಾನಾಗೇ ಬಿಡ್ತದೆ, ನೋಡು."

ಬಿಟ್ಟಿತು. ಟೀಚರಮ್ಮ ಉಸಿರು ಹಿಡಿದು, ಮಗಳ ಎರಡೂ ಭುಜಗಳ ಮೇಲೆ ಕೈಯೂರಿದಳು. ಕಾಲು ಗಾಳಿಯಲ್ಲಿ ನಡುಗುತ್ತಿತ್ತು. ಅವಳಿಗೆ ಭಯವಾಯಿತು, ಅದರ ಜೊತೆಗೇ, ಎಷ್ಟೋ ತಿಂಗಳ ಮೇಲೆ, ತಾನು ಎಲ್ಲಿದ್ದೇನೆ ಅಂತ ಗೊತ್ತಾಯಿತು.

"ಇಲ್ಲಿಂದ?" ಅಂತ ಕೇಳಿದಳು.

"ಇಲ್ಲಿಂದ ನನ್ನ ಕಡೆಗೆ ಇಡು ಅಮ್ಮ."